ಮುಂಚೇನ ನಕ್ಕ ತಪ್ಪಿಗೆ

ಕೊಪ್ಪಳದಾಗ ಹಳೇ ನಗಿಯ ಸಣ್ಣಾಟಾನ ಹೊಸದಾಗಿ ಆಡ್ತಾರಂತ ಸೊಸಿ ನನ್ನ ಕರಕೊಂಡು ಹೋಗಿದ್ಲು. ಹೆಂಡ್ತಿಗೆ ಅಂಜಿ ಗಂಡ ಕಣಜದಾಗ ಅಡಗೋ ಆ ಆಟ ನನಗ ಬಾಯಿಪಾಠ. ಹಿಂಗಾಗಿ ಅವ ಬಾಯಿ ತೆರಿಯೋ ಮುಂಚೇನ ನಾ ಮುಂದಿನ ಸಾಲಿನ್ಯಾಗ ಕುಂತು ನಗತಿದ್ದೆ. ಗಂಡನ ಪಾತ್ರದವ ಹಾಡು ನಿಲ್ಲಿಸಿ, "ಯಮ್ಮಾ, ನಾ ಅಂದ ಮ್ಯಾಲ ನಗ್ರಿ. ಮಂದಿಗೆ ನನ್ನ ಮಾತು ಕೇಳವಲ್ದು" ಅಂದ.

"ನೀ ಏನಂತಿ ಗೊತ್ತೈತೋ ಯಪ್ಪಾ" ಅಂದೆ.

ಅಷ್ಟರಾಗ ಹೆಂಡ್ತಿ ಕಟಗಿ ಹಿಡಕೊಂಡು ಬಂದ್ಲು. ಇವ ಕಣಜದಾಗ ಅಡಗೋದು ಬಿಟ್ಟು ಸೀದಾ ಕೆಳಗಿಳಿದು ಬಂದು, ನನ್ನ ಕುರ್ಚಿ ಹಿಂದ ಕುಂತು, ನನ್ನ ಸೆರಗು ತಲಿ ಮ್ಯಾಲ ಎಳಕೊಂಡ.

"ಯಮ್ಮಾ, ನನ್ನ ಗಂಡನ್ನ ಕಂಡ್ರೇನ್ರಿ?" ಅಂತ ಆಕಿ ನನ್ನನ್ನ ಕೇಳಿದ್ಲು.

ಎಲ್ಲಾರ ಮಾತೂ ಬರ್ತಿದ್ದ ನನಗ ನನ್ನ ಮಾತು ಬರಲಿಲ್ಲ. ಕಡೀಕ, "ಕಣಜದಾಗ ನೋಡವ್ವ, ಯಾವಾಗ್ಲೂ ಅಲ್ಲೇ ಇರ್ತಾನ" ಅಂದೆ.

ಮಂದಿ ಬಿದ್ದು ಬಿದ್ದು ನಕ್ರು. ಅವತ್ತು ಎಲ್ಲಾರಕಿಂತ ತಡಾ ಮಾಡಿ ನಕ್ಕಾಕಿ ನಾನ.