ಚಲುವಣ್ಣನ ಬೆವರು, ನನ್ನ ಎರಡು ಚೊಂಬು

ಈಗಿನ ಕುಸ್ತಿ ಹುಡುಗರು ತೂಕ ಇಳಿಸಲು ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಓಡುವುದನ್ನು ಮೊನ್ನೆ ಮೊಮ್ಮಗಳು ಫೋನಿನಲ್ಲಿ ತೋರಿಸಿದಳು. ನಾನು ಚಿಕ್ಕವಳಿದ್ದಾಗ ನಮ್ಮ ಅರಕೆರೆಯಲ್ಲಿ ಪ್ಲಾಸ್ಟಿಕ್ ಎಲ್ಲಿತ್ತು? ಕಂಬಳಿ ಇತ್ತು, ಆಲೆಮನೆ ಇತ್ತು, ಕಾವಲಿಗೆ ನಾನಿದ್ದೆ.

ನನಗೆ ಒಂಬತ್ತು, ಅಣ್ಣ ಚಲುವನಿಗೆ ಹದಿನಾರು. ಊರ ಗರಡಿಯಲ್ಲಿ ಅವನಿಗೆ ಕುಸ್ತಿ ಕಲಿಸುತ್ತಿದ್ದವರು ನಮ್ಮ ಚಿಕ್ಕಪ್ಪ. ಶ್ರೀರಂಗಪಟ್ಟಣದಲ್ಲಿ ಪಂದ್ಯ ನಿಗದಿಯಾಗಿತ್ತು. ಗೆದ್ದ ಹುಡುಗರನ್ನು ಮೈಸೂರಿನ ಗರಡಿಯವರು ಇಟ್ಟುಕೊಂಡು ಊಟ ಹಾಕಿ ತಯಾರು ಮಾಡುತ್ತಾರೆ ಎಂದಿದ್ದರು. ಅಣ್ಣನಿಗೆ ಅದೊಂದೇ ಆಸೆ. ಆದರೆ ಅವನ ತೂಕದಲ್ಲೇ ಪಾಂಡವಪುರದ ಗೂಳಿಯಂಥ ಹುಡುಗನೊಬ್ಬನಿದ್ದ. ಮೂರು ಕೆಜಿ ಇಳಿದರೆ ಕೆಳಗಿನ ತೂಕದ ಸಣಕಲರ ಜೊತೆ ಆಡಬಹುದು ಎಂದು ಚಿಕ್ಕಪ್ಪ ಉಪಾಯ ಹೂಡಿದರು. ಉಳಿದಿದ್ದು ಎರಡೇ ದಿನ.

ಕಬ್ಬು ಅರೆಯುವ ಕಾಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿತ್ತು, ಊರಿಗೆಲ್ಲ ಬೆಲ್ಲದ ಘಮ. ಒಲೆಯ ಬಾಯಿಯೆದುರು ಅಣ್ಣನನ್ನು ಎರಡು ಕಂಬಳಿ ಹೊದಿಸಿ ಕೂರಿಸಿದರು. ಕಬ್ಬಿನ ಒಣಸಿಪ್ಪೆ ಒಲೆಗೆ ತಳ್ಳುವುದು, ಬೆವರುವುದು, ಅಷ್ಟೇ ಅವನ ಕೆಲಸ.

"ಬಾಯ್ ಮುಕ್ಕಳಿಸ್ಲಿ, ನುಂಗ್ಬಾರ್ದು. ನೋಡ್ಕೊ ಕೆಂಪಿ" ಎಂದು ಚಿಕ್ಕಪ್ಪ ಎರಡು ಚೊಂಬು ಕೊಟ್ಟರು. ತುಂಬಿದ ಚೊಂಬಿನಿಂದ ಅವನು ನೀರು ಬಾಯಿಗೆ ಹಾಕಿಕೊಳ್ಳಬೇಕು, ಖಾಲಿಯದಕ್ಕೆ ಉಗುಳಬೇಕು. ಎರಡಕ್ಕೂ ಬೆರಳು ಅದ್ದಿ, ಇದರಲ್ಲಿ ಇಳಿದಷ್ಟು ಅದರಲ್ಲಿ ಏರಿದೆಯೇ ಎಂದು ನಾನು ನೋಡಬೇಕು. ಹುಟ್ಟಿದಾಗಿನಿಂದ ನನಗೆ ಅಂಥ ಅಧಿಕಾರ ಸಿಕ್ಕಿರಲಿಲ್ಲ.

ನಿಂಬೆಹುಳಿ ಹಿಂಡಿದ ಕಬ್ಬಿನ ಹಾಲನ್ನು ಅವನೆದುರೇ ಕೂತು ಗಟಗಟ ಸದ್ದು ಮಾಡಿಕೊಂಡು ಕುಡಿದೆ.

"ಏನ್ ತಂಪಾಗದೆ ಅಣ್ಣ!"

"ನಿನ್ ಬಾಯ್ಗೆ ಮಣ್ಣಾಕ. ಅತ್ಲಾಗ್ ಓಗಮ್ಮಿ!"

ಮೂಗಿನಿಂದ, ಗದ್ದದಿಂದ ಅವನ ಬೆವರು ತೊಟ್ಟಿಕ್ಕುತ್ತಿತ್ತು. ನಾನು ಎಣಿಸುತ್ತಾ ನಗುತ್ತಿದ್ದೆ.

ಮಾರನೆಯ ಮಧ್ಯಾಹ್ನ ಉಗುಳಿದ ಚೊಂಬಿನಲ್ಲಿ ಒಂದು ಗುಟುಕು ಕಮ್ಮಿ ಬಂತು.

"ಚಿಕ್ಕಪ್ಪಂಗ್ ಏಳ್ಬ್ಯಾಡ ಕಣಮ್ಮಿ" ಎಂದ ಅಣ್ಣ. ತುಟಿ ಒಡೆದು ರಕ್ತ ಒಸರುತ್ತಿತ್ತು. "ಒಂದೇ ಗುಟುಕು. ಗಂಟ್ಲು ಅಂಟ್ಕತಾ ಇತ್ತು. ನಿಂಗೆ ಮೈಸೂರಿಂದ ಬಳೆ ತತ್ತೀನಿ."

ನಾನು ಓಡಿಹೋಗಿ ಹೇಳಿಬಿಟ್ಟೆ. ಬಿಸಿಬೆಲ್ಲದ ಉಂಡೆ ಸಿಗುತ್ತದೆಂಬ ಆಸೆ. ಸಿಕ್ಕಿತು. ಅಣ್ಣನಿಗೆ ಮೂರನೆಯ ಕಂಬಳಿ ಬಿತ್ತು.

ಸಂಜೆಗೆ ಬೆವರು ನಿಂತುಹೋಯಿತು. ಚರ್ಮ ಕಾದ ಹೆಂಚಿನಂತೆ ಒಣಗಿ ಸುಡುತ್ತಿತ್ತು.

"ನೋಡ್ಲಾ, ಬೆವ್ರೇ ನಿಂತೋಯ್ತು! ಕೊಬ್ಬೆಲ್ಲ ಕರಗೋಯ್ತು ಕಣ್ಲಾ!" ಎಂದು ಚಿಕ್ಕಪ್ಪ ತೊಡೆ ತಟ್ಟಿದರು. ಅಣ್ಣ ನನ್ನನ್ನು ನೋಡಿ "ಅವ್ವ, ನೀರು" ಅಂದ. ಅವ್ವ ಎಂದದ್ದಕ್ಕೆ ನಾನು ಬಿದ್ದು ಬಿದ್ದು ನಕ್ಕೆ.

ಶ್ರೀರಂಗಪಟ್ಟಣದಲ್ಲಿ ತೂಕ ಸರಿಯಾಗಿ ಕೂತಿತು. ತಕ್ಕಡಿಯಿಂದ ಇಳಿದವನೇ ಅಣ್ಣ ಮೂರು ಚೊಂಬು ನೀರು ಎತ್ತಿ ಕುಡಿದ, ಅರ್ಧ ವಾಂತಿಯಾಯಿತು. ಕರಗಿದ್ದು ಕೊಬ್ಬಲ್ಲ, ಬರೀ ನೀರು ಅಂತ ನಮಗಾರಿಗೂ ಹೊಳೆಯಲಿಲ್ಲ. ಅಖಾಡದಲ್ಲಿ ನಾಗಮಂಗಲದ ಕಡ್ಡಿಯಂಥ ಹುಡುಗ ಕೈಹಾಕಿದ್ದೇ ತಡ, ಅಣ್ಣನ ಎರಡು ಮೀನಖಂಡವೂ ಹಿಡಿದುಕೊಂಡವು. ಕುಸಿದು ಬಿದ್ದವನು ಕಾಲು ಹಿಡಿದುಕೊಂಡು ಕೆಮ್ಮಣ್ಣಿನಲ್ಲಿ ಹೊರಳಿದ.

"ಯಾಕ್ಲಾ, ಬೆಲ್ಲದಚ್ಚು ಕರಗೋಯ್ತಾ?" ಎಂದು ಯಾರೋ ಕೂಗಿದರು. ಜನ ನಕ್ಕರು. ನಾನೂ ನಕ್ಕೆ. ಅಣ್ಣ ಬಿದ್ದಲ್ಲಿಂದಲೇ ತಲೆ ತಿರುಗಿಸಿ, ಅಷ್ಟು ಜನರ ನಡುವೆ, ನನ್ನನ್ನೇ ನೋಡಿದ.

ಪಾಂಡವಪುರದ ಗೂಳಿ ಅವತ್ತು ಬಂದೇ ಇರಲಿಲ್ಲ. ಕಣ್ಣುಬೇನೆಯಂತೆ.

ಅಣ್ಣ ಮತ್ತೆ ಗರಡಿಯ ಹೊಸಿಲು ತುಳಿಯಲಿಲ್ಲ. ಆ ಆಲೆಮನೆಯ ಜಾಗದಲ್ಲಿ ಈಗ ಬೈಕ್ ರಿಪೇರಿ ಅಂಗಡಿ. ಚಿಕ್ಕಪ್ಪ ಹೋಗಿ ಎಷ್ಟೋ ವರ್ಷವಾಯಿತು. ಅಣ್ಣ ಗಟ್ಟಿಯಾಗಿದ್ದಾನೆ, ಈಗಲೂ ಗದ್ದೆಗೆ ಹೋಗುತ್ತಾನೆ, ನನ್ನನ್ನು ಕಂಡರೆ ಮಾತನಾಡುತ್ತಾನೆ, ಹಬ್ಬಕ್ಕೆ ಸೀರೆ ಕೊಡುತ್ತಾನೆ.

ಹೋದ ವಾರ ಅವನ ಮನೆಗೆ ಹೋದಾಗ ಉರಿಬಿಸಿಲಲ್ಲಿ ಗದ್ದೆಯಿಂದ ಬಂದ. ನಾನೇ ಎದ್ದು ಚೊಂಬಿನಲ್ಲಿ ನೀರು ತಂದು ಕೊಟ್ಟೆ.

"ಅಲ್ಲೇ ಮಡುಗು ಕಣವ್ವ, ಆಮೇಲ್ ಕುಡೀತೀನಿ" ಅಂದ.

ಹೊರಡುವಾಗ ಯಾರೂ ನೋಡದಂತೆ ಚೊಂಬಿಗೆ ಬೆರಳು ಅದ್ದಿ ನೋಡಿದೆ. ಒಂದು ಗುಟುಕೂ ಇಳಿದಿರಲಿಲ್ಲ.