ಹೊಸ್ತಿಲ ಕೆಳಗಿನ ಹಳದಿ

2023ರಲ್ಲಿ ನಾನು ಮೇರಿಲ್ಯಾಂಡಿನ ರಾಕ್‌ವಿಲ್ ಸುತ್ತಮುತ್ತ ಕ್ರಾಲ್‌ಸ್ಪೇಸ್ ಇನ್‌ಸ್ಪೆಕ್ಟರ್ ಆಗಿದ್ದೆ. ಇಲ್ಲಿನ ಎಷ್ಟೋ ಹಳೆಯ ಮನೆಗಳಲ್ಲಿ ಮರದ ನೆಲಕ್ಕೂ ಅದರಡಿಯ ಮಣ್ಣಿಗೂ ನಡುವೆ ಎರಡು ಮೂರು ಅಡಿ ಜಾಗ ಇರುತ್ತದೆ, ಅದೇ ಕ್ರಾಲ್‌ಸ್ಪೇಸ್. ಅದರೊಳಗೆ ತೆವಳಿಕೊಂಡು ಹೋಗಿ ತೊಲೆಗಳು ಕೊಳೆತಿವೆಯೇ ಎಂದು ನೋಡುವುದು ನನ್ನ ಕೆಲಸ. ದಾವಣಗೆರೆಯಲ್ಲಿ ಮನೆ ಕಟ್ಟಿಸುತ್ತಿದ್ದ ಇಂಜಿನಿಯರು ಮುದುಕನಾಗುವ ಹೊತ್ತಿಗೆ ಇಲಿಯ ಹಾಗೆ ಮನೆ ಕೆಳಗೆ ನುಸುಳುತ್ತಾನೆ ಎಂದು ಗೆಳೆಯರು ನಗುತ್ತಿದ್ದರು. ನಗಲಿ ಬಿಡಿ. ಹೆಂಡತಿ ತೀರಿಕೊಂಡ ಮೇಲೆ ಯಾರೊಂದಿಗೂ ಮಾತಾಡಬೇಕಿಲ್ಲದ ಕೆಲಸವೇ ನನಗೆ ಹಿತವಾಗಿತ್ತು.

ಆ ಆಗಸ್ಟಿನಲ್ಲಿ ಶೈಲಜಾ ಎಂಬುವರು ಕರೆದರು. ಮೈಸೂರಿನವರು, ಲ್ಯಾಬೊಂದರಲ್ಲಿ ಕೆಲಸ. ಗಂಡ ಕೋವಿಡ್‌ನಲ್ಲಿ ಹೋಗಿದ್ದರು, ಮಕ್ಕಳಿಲ್ಲ. ಮುಂಬಾಗಿಲ ಬಳಿ ನೆಲ ಕುಸಿಯುತ್ತಿತ್ತು. ಮೊದಲು ಬಂದಿದ್ದ ಕಂಟ್ರಾಕ್ಟರ್ ಕೆಳಗೆ ಇಣುಕಿ, ಹಳದಿ ಫಂಗಸ್ ಹಬ್ಬಿದೆ, ಇಡೀ ನೆಲ ಕೀಳಬೇಕು, ಕೆಲವು ತಿಂಗಳು ಮನೆ ಖಾಲಿ ಮಾಡಿ ಎಂದಿದ್ದನಂತೆ.

"ಖಾಲಿ ಮಾಡಿದ್ರೆ ವಾಪಸ್ ಬರೋ ಧೈರ್ಯ ನಂಗಿರಲ್ಲ ಅಂಕಲ್, ಮಾರಿಬಿಡ್ತೀನಿ," ಎಂದರು ಶೈಲಜಾ. "ಆದ್ರೆ ನಮ್ಮನೆಯವ್ರು ಓಡಾಡಿದ್ದು ಈ ಮನೇಲಿ. ಬೇರೆ ಮನೇಲಿ ನಾನು ಯಾರ ಜೊತೆ ಇರ್ಲಿ?"

ನೋಡ್ತೀನಮ್ಮ ಎಂದು ಹೆಡ್‌ಲ್ಯಾಂಪ್ ಕಟ್ಟಿಕೊಂಡು ಕೆಳಗೆ ನುಗ್ಗಿದೆ.

ನಮ್ಮ ಬಳಿ ಮಾಯಿಶ್ಚರ್ ಮೀಟರ್ ಇರುತ್ತದೆ. ಅದರ ಎರಡು ಮೊಳೆಗಳನ್ನು ಮರಕ್ಕೆ ಚುಚ್ಚಿದರೆ ನೀರಿನಂಶ ಶೇಕಡ ಎಷ್ಟು ಎಂದು ತೋರಿಸುತ್ತದೆ. ಇಪ್ಪತ್ತು ದಾಟಿದರೆ ಅಪಾಯ. ಅಡುಗೆಮನೆ, ಬಾತ್‌ರೂಮ್, ಎಲ್ಲ ಕಡೆ ಹದಿಮೂರು, ಹದಿನಾಲ್ಕು. ಪೈಪು ಎಲ್ಲೂ ಸೋರುತ್ತಿರಲಿಲ್ಲ. ಮುಂಬಾಗಿಲ ಕೆಳಗೆ ಮಾತ್ರ ಮೂವತ್ತೆರಡು! ಸ್ಕ್ರೂಡ್ರೈವರ್ ಚುಚ್ಚಿದರೆ ನೆನೆದ ರಸ್ಕಿನೊಳಗೆ ಹೋದಂತೆ ಹೋಯಿತು. ತೊಲೆಯ ಮೇಲೆ ಹಳದಿ ಗೆರೆಗಳು ಇಳಿದಿದ್ದವು. ಫಂಗಸ್ ಹಾಗೆ ಗೆರೆ ಗೆರೆಯಾಗಿ ಇಳಿಯುವುದಿಲ್ಲವಲ್ಲ ಎಂದು ಗ್ಲೌಸ್ ತೆಗೆದು ಉಜ್ಜಿ, ಮೂಸಿ ನೋಡಿದೆ. ಶಿವನೇ, ಅದು ಅರಿಶಿನ.

ಮೇಲೆ ಬಂದು ಕೇಳಿದೆ, "ಹೊಸ್ತಿಲು ತೊಳೀತೀರಾ?"

"ದಿನಾ ಬೆಳಗ್ಗೆ, ಈ ಮನೆಗೆ ಬಂದಾಗ್ನಿಂದ. ಒಂದು ಚೊಂಬು ನೀರು ಹಾಕಿ ಅರಿಶಿನ ಕುಂಕುಮ ಇಡ್ತೀನಿ."

ಊರಿನಲ್ಲಿ ಹೊಸ್ತಿಲ ಕೆಳಗೆ ಕಲ್ಲು. ಕೊಡಗಟ್ಟಲೆ ಸುರಿದರೂ ಏನಾಗದು. ಇಲ್ಲಿ ನೀರೆಲ್ಲ ಸಂದಿಯಿಂದ ತೊಲೆಗೆ ಇಳಿದಿತ್ತು.

"ಕೊಳೆತಿರೋದು ಇಷ್ಟೇ ಜಾಗ. ಮನೆ ಬಿಡೋದೂ ಬೇಡ, ಮಾರೋದೂ ಬೇಡ," ಎಂದೆ. "ಆದ್ರೆ ನೀರು ನಿಲ್ಲಿಸ್ಬೇಕು."

ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಬಾಗಿಲನ್ನೇ ನೋಡುತ್ತ ಕೂತರು.

"ಅವ್ರು ಹೋದ್ಮೇಲೆ, ಇನ್ನು ನೀನು ಕುಂಕುಮ ಇಟ್ಕೋಬೇಡ ಅಂತ ಊರಿಂದ ನೆಂಟ್ರು ಫೋನ್ ಮಾಡಿ ಹೇಳಿದ್ರು ಅಂಕಲ್. ನಾನು ಇಟ್ಕೊಳಲ್ಲ. ಹೊಸ್ತಿಲಿಗೆ ಇಡೋದನ್ನ ಮಾತ್ರ ಬಿಟ್ಟಿರ್ಲಿಲ್ಲ."

ನನಗೆ ಸಿಟ್ಟು ಬಂತು. ಹೆಂಡತಿ ಹೋದಾಗ ನನಗೆ ಯಾರೂ ಏನನ್ನೂ ಬಿಡು ಎಂದಿರಲಿಲ್ಲ. ಹೊರಗೆ ಕಾಂಕ್ರೀಟಿನ ಮೆಟ್ಟಿಲಿತ್ತು. ಅದರ ಮೇಲೆ ನನ್ನ ಬಾಟಲಿಯ ನೀರು ಸುರಿದೆ. ನೀರು ಹುಲ್ಲಿನ ಕಡೆಗೆ ಹರಿಯಿತು.

"ನೀರು ಇಲ್ಲಿ ಹಾಕಿ, ಎಷ್ಟಾದ್ರೂ ಹಾಕಿ. ಹೊಸ್ತಿಲನ್ನ ಬಟ್ಟೇಲಿ ಒರೆಸಿ ಕುಂಕುಮ ಇಡಿ. ಹಾಗೇ ನಿಮ್ಮ ಹಣೆಗೂ ಇಟ್ಕೊಳಿ. ಬೇಡ ಅನ್ನೋಕೆ ಆ ನೆಂಟ್ರು ಯಾರು?"

ಅವರು ಬಗ್ಗಿ ಒದ್ದೆ ಮೆಟ್ಟಿಲನ್ನು ಬೆರಳಿಂದ ಮುಟ್ಟಿ ನೋಡಿದರು.

ಮುಂದಿನ ವಸಂತದಲ್ಲಿ ಮತ್ತೆ ಪರೀಕ್ಷೆಗೆ ಹೋದೆ. ಮೆಟ್ಟಿಲ ಮೇಲೆ ರಂಗೋಲಿ ಇತ್ತು. ಹೊಸ ತೊಲೆಯಲ್ಲಿ ಹದಿಮೂರು. ಕಾಫಿ ತಂದ ಶೈಲಜಾ ಅವರ ಹಣೆಯಲ್ಲಿ ಸಾಸಿವೆಯಷ್ಟು ಕುಂಕುಮ. ನೀರು ಎಲ್ಲಿಂದ ಬಂತೆಂದು ಹುಡುಕುವ ನನಗೆ, ಯಾಕೆ ಹಾಕಿದರು ಎಂದೂ ಕೇಳಬೇಕೆಂದು ಕಲಿಸಿದ್ದು ಆ ಮನೆ.

ಸಂಜೆ ನನ್ನ ಮನೆಗೆ ಬಂದೆ. ಮೀಟರ್ ಕೈಯಲ್ಲೇ ಇತ್ತು. ಬಗ್ಗಿ, ಹೆಂಡತಿ ಹೋದ ಮೇಲೆ ಯಾರೂ ತೊಳೆಯದ ನನ್ನ ಹೊಸ್ತಿಲಿಗೂ ಚುಚ್ಚಿದೆ. ಎಂಟು. ಅಷ್ಟು ಒಣಗಿದ ಹೊಸ್ತಿಲನ್ನು ನಾನು ಯಾರ ಮನೆಯಲ್ಲೂ ನೋಡಿರಲಿಲ್ಲ.