ಕೋಡಿಗೆ ಕಟ್ಟಿದ ಬಲೆ

ಮೊನ್ನೆ ಹೊಸನಗರದ ಮೀನಿನಂಗಡಿಯಲ್ಲಿ ಕ್ಯಾಟ್‌ಫಿಶ್ಶೊಂದರ ಹೊಟ್ಟೆ ಸೀಳಿದಾಗ ಕೊಳೆತ ಕೆಸರಿನ ವಾಸನೆ ಬಂತು. ಮೂಗು ಮುಚ್ಚಿಕೊಂಡೆ. ಆದರೂ ಪಕ್ಕದ ಮನೆಯ ದೊಡ್ಡಪ್ಪ ನೆನಪಾಗಿಯೇಬಿಟ್ಟ.

ನೆಂಟಸ್ತನದ ದೊಡ್ಡಪ್ಪನಲ್ಲ, ಒಂದೇ ಬೇಲಿಯವರೆಂದು ಹಾಗೆ ಕರೆಯುತ್ತಿದ್ದೆವು. ಬಾಯಿ ಕೆಟ್ಟದ್ದು, ಹಟ ಅದಕ್ಕಿಂತ ಕೆಟ್ಟದ್ದು. ಮುಂಗಾರಿನ ಮೊದಲ ನೀರಿಗೆ ಹಳ್ಳದ ಮೀನುಗಳು ಮೊಟ್ಟೆಯಿಡಲು ಕೋಡಿ ಹತ್ತಿ ನಮ್ಮ ಕೆರೆಗೆ ಬರುತ್ತಿದ್ದವು. ಹೀಗೆ ಹತ್ತಿ ಬರುವ ಹತ್ತುಮೀನು ಎಂದರೆ ಊರಿಗೆ ಊರೇ ಕತ್ತಿ ಹಿಡಿದು ಓಡುತ್ತಿತ್ತು. ಎಲ್ಲರೂ ಮೀನು ಹಿಡಿಯುವ ಬಿದಿರಿನ ಬುಟ್ಟಿಯ, ಅಂದರೆ ಕೂಣಿಯ, ಬಾಯನ್ನು ಹಳ್ಳದ ಕಡೆಗೆ ಒಡ್ಡಿದರೆ ಇವನೊಬ್ಬ ಕೆರೆಯ ಕಡೆಗೆ ಒಡ್ಡುತ್ತಿದ್ದ. ಮೊಟ್ಟೆಯಿಟ್ಟು ಹಿಂದಿರುಗುವ ಮೀನಷ್ಟೇ ಅದರೊಳಗೆ ಬೀಳಬೇಕು.

"ಬಸ್ರಿ ತವರಿಗೆ ಬಂದಾಳೆ ಕಣ್ರೋ. ಹೆತ್ಕಂಡು ಹೋಗ್ಲಿ, ಆಮೇಲೆ ತಿಂದ್ರಾಯ್ತು" ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು.

ಒಂದು ವರ್ಷ ಊರಿನ ಕಮಿಟಿ ಕೆರೆಯನ್ನು ಗುತ್ತಿಗೆಗೆ ಕೊಟ್ಟಿತು. ಗುತ್ತಿಗೆದಾರ ಎಲ್ಲಿಯದೋ ಹ್ಯಾಚರಿಯಿಂದ ಡ್ರಮ್ಮಿನಲ್ಲಿ ಕ್ಯಾಟ್‌ಫಿಶ್ ಮರಿ ತಂದು ಸುರಿದ. ಬೆಳೆದ ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಬಲೆ ಕಟ್ಟಿದ. ಮಳೆ ಹಿಡಿದಾಗ ಹಳ್ಳದ ಮೀನುಗಳು ಏರಿ ಬಂದು, ಬಲೆಗೆ ಮೂತಿ ಗುದ್ದಿ ಗುದ್ದಿ, ಕಲ್ಲಿನ ಮೇಲೇ ಮೊಟ್ಟೆ ಸುರಿದು ಸತ್ತವು. ಕಾಗೆಗಳಿಗೆ ಹಬ್ಬ. ದೊಡ್ಡಪ್ಪ ದಂಡೆಯ ಮೇಲೆ ಕೂತು ನೋಡುತ್ತಿದ್ದ... ಯಾರನ್ನೂ ಬೈದ ನೆನಪಿಲ್ಲ. ಮಧ್ಯಾಹ್ನ ಎದ್ದು ಕುಡುಗೋಲಿನಿಂದ ಬಲೆ ಕೊಯ್ದ.

ಮೀನುಗಳು ಒಳಗೆ ನುಗ್ಗಿದವು. ಒಳಗೆ ಕ್ಯಾಟ್‌ಫಿಶ್ಶುಗಳು ಕಾದಿದ್ದವು. ಬಸುರಿಯರನ್ನೆಲ್ಲ ನುಂಗಿ, ಅದೇ ದಾರಿಯಲ್ಲಿ ಇಳಿದು ಹಳ್ಳವನ್ನೂ ಸೇರಿದವು. ದೊಡ್ಡಪ್ಪ ನೀರಿಗಿಳಿದು ಹರಿದ ಬಲೆಯ ಎರಡು ತುದಿ ಹಿಡಿದು ನಿಂತ. ಎರಡು ಕೈಯಲ್ಲಿ ಕೋಡಿ ಮುಚ್ಚಲಾದೀತೆ?

ಕಮಿಟಿಯವರು ದಂಡ ಹಾಕಲಿಲ್ಲ, ಅದಕ್ಕಿಂತ ರುಚಿಯಾದದ್ದನ್ನು ಹುಡುಕಿದರು. ಕೆರೆ ದಂಡೆಯಲ್ಲಿ ಊಟವಿಟ್ಟು ಅವನನ್ನು ಕರೆಸಿ ನಡುವೆ ಕೂರಿಸಿದರು. ಗುತ್ತಿಗೆದಾರ ಕ್ಯಾಟ್‌ಫಿಶ್ಶೊಂದನ್ನು ಸೀಳಿ, ಅದರ ಹೊಟ್ಟೆಯಿಂದ ಮೊಟ್ಟೆ ತುಂಬಿದ ಹಳ್ಳದ ಮೀನನ್ನು ಎಳೆದು ಅವನ ಬಾಳೆಲೆಗೆ ಹಾಕಿದ.

"ತಗ ಮಾರಾಯ, ನಿನ್ ಬಸ್ರಿ ಮಗಳು ತವರಿಗೆ ಬಂದ್ಲು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ದೊಡ್ಡಪ್ಪ ಎಲೆ ಮಡಚಿ ಎದ್ದುಹೋದ. ಆಮೇಲೆ ಕೂಣಿ ಹೆಣೆಯಲಿಲ್ಲ, ಮೀನೂ ಮುಟ್ಟಲಿಲ್ಲ. ಸತ್ತ ಮೇಲೆ ಅವನ ಎಡೆಗೆ ಬಡಿಸಿದ್ದೂ ಕ್ಯಾಟ್‌ಫಿಶ್ ಸಾರೇ. ಬೇರೆ ಮೀನು ಎಲ್ಲೂ ಸಿಗಲಿಲ್ಲವಂತೆ. ನಾಚಿಕೆಗೆಟ್ಟ ಊರು ನಮ್ಮದು.

ಈಗ ಕೋಡಿಗೆ ಬಲೆಯಿಲ್ಲ. ಮೊದಲ ಮಳೆಗೆ ಜನ ಕತ್ತಿ ಹಿಡಿದು ಹೋಗಿ, ಬರೀ ನೀರು ನೋಡಿ ಬರುತ್ತಾರೆ. ದೊಡ್ಡಪ್ಪನಿದ್ದಿದ್ದರೆ ಎಂಥ ಬೈಗುಳ ಬೈಯುತ್ತಿದ್ದನೋ... ಅದನ್ನು ಕೇಳುವ ಆಸೆಯಾಗುತ್ತದೆ.

"ಕ್ಲೀನ್ ಮಾಡಿ ಕೊಡ್ಲಾ?" ಎಂದು ಅಂಗಡಿಯವನು ಕೇಳಿದ. ಬೇಡವೆನ್ನುವಷ್ಟರಲ್ಲಿ ಕರುಳು ಎಳೆದು ಹಲಗೆಯ ಮೇಲೆ ಹಾಕಿದ್ದ. ಹಳ್ಳದ ಮೀನೇನಾದರೂ ಇದ್ದೀತೇ ಎಂದು ಬಗ್ಗಿ ನೋಡಿದೆ. ಹೊಟ್ಟೆಯಲ್ಲಿದ್ದದ್ದು ಅದು ನುಂಗಿದ್ದ ತನ್ನದೇ ಜಾತಿಯ ಮರಿಗಳು.